ಮ್ಯಾಕ್ಸಿ ಮತ್ತು ಬೈರಾಸು

ನಮ್ಮ ಕೋಟದ ಸೆಕೆಯನ್ನು ಘಟ್ಟದ ಮೇಲಿನವರಿಗೆ ತಿಳಿಸಿ ಹೇಳುವುದು ಸುಲಭವಲ್ಲ. ಬಳ್ಳಾರಿ, ರಾಯಚೂರುಗಳ ಕಡೆಯವರು ತಮ್ಮ 40 ಡಿಗ್ರಿಯ ಲೆಕ್ಕ ಹೇಳಿ, "ನಿಮ್ಮಲ್ಲಿ 34 ಅಷ್ಟೇ ಅಲ್ಲವೆ, ಅದೆಂಥ ಸೆಕೆ?" ಎಂದು ನಗುತ್ತಾರೆ. ಅಂಥವರು ಏಪ್ರಿಲ್ ತಿಂಗಳಲ್ಲಿ ಒಂದು ದಿನ ನಮ್ಮಲ್ಲಿ ಮಧ್ಯಾಹ್ನದ ಊಟ ಮಾಡಿ ಎದ್ದರೆ ಸಾಕು, ನಗುವುದು ನಿಲ್ಲುತ್ತದೆ. ಸ್ನಾನ ಮಾಡಿ ಬಂದು ಮೈ ಒರೆಸಿಕೊಂಡರೆ ಒರೆಸಿದ್ದು ನೀರೋ ಬೆವರೋ ಎಂದು ತಿಳಿಯುವುದಿಲ್ಲ. ಶಿವರಾತ್ರಿಗೆ ಚಳಿಯೇನೋ ಶಿವ ಶಿವಾ ಎಂದು ಹೊರಟುಹೋಗುತ್ತದೆ. ಅಲ್ಲಿಂದ ಜೂನ್ ತಿಂಗಳ ಮೊದಲ ಮಳೆಯವರೆಗೆ ನಾವು ಬೇಯುತ್ತೇವೆ. ಹವಾಮಾನ ಇಲಾಖೆಯವರಿಗೂ ಈ ವ್ಯತ್ಯಾಸ ಗೊತ್ತು. ಬಿಸಿಗಾಳಿ ಎಂದು ಘೋಷಿಸಬೇಕಾದರೆ ಬಯಲು ನಾಡಿನಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟಬೇಕು, ಕರಾವಳಿಗೆ 37 ಸಾಕು ಎಂದು ಅವರು ನಿಯಮವನ್ನೇ ಮಾಡಿಟ್ಟಿದ್ದಾರೆ. 2025ರಲ್ಲಿ ಫೆಬ್ರವರಿ ಮುಗಿಯುವ ಮೊದಲೇ ನಮ್ಮ ಕರಾವಳಿಗೆ ಅಂಥ ಎಚ್ಚರಿಕೆ ಬಂದಿತ್ತು.

ಇದರ ಕಾರಣವನ್ನು ಶಾಲೆಯ ವಿಜ್ಞಾನದ ಮೇಷ್ಟ್ರು ನನಗೊಮ್ಮೆ ವಿವರಿಸಿದ್ದರು. ಒಂದು ಗ್ರಾಂ ಬೆವರು ಆರುವಾಗ ಮೈಯಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ತೆಗೆದುಕೊಂಡು ಹೋಗುತ್ತದಂತೆ. ಆದರೆ ಅದು ಆರಬೇಕು. ಸಮುದ್ರ ಪಕ್ಕದಲ್ಲೇ ಇರುವ ನಮ್ಮಲ್ಲಿ ಗಾಳಿಯೇ ಒದ್ದೆ. ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಹಾಗಾಗಿ ಇಲ್ಲಿ ಬೇಕಾದದ್ದು ಮೈಗೆ ಗಾಳಿ. ಬಟ್ಟೆ ಎಷ್ಟು ಸಡಿಲವೋ ಬದುಕು ಅಷ್ಟು ಹಗುರ.

ನಮ್ಮ ಗಂಡಸರು ಈ ಸತ್ಯವನ್ನು ಯಾವ ವಿಜ್ಞಾನದ ಪಾಠವೂ ಇಲ್ಲದೆ ಎಂದೋ ಕಂಡುಕೊಂಡಿದ್ದರು. ಹೊರಗಿನಿಂದ ಬಂದೊಡನೆ ಅಂಗಿ ಕಳಚಿ ಗೂಟಕ್ಕೆ ತೂಗುಹಾಕುವುದು, ಪಂಚೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟುವುದು, ಹೆಗಲ ಮೇಲೊಂದು ಬೈರಾಸು ಹಾಕಿಕೊಂಡು ಜಗಲಿಯ ಮೇಲೆ ಕೂರುವುದು. ಅಂಚೆಯವನು ಬರಲಿ, ಬೀಗರು ಬರಲಿ, ಪುರೋಹಿತರು ಬರಲಿ, ಅವರು ಅಂಗಿ ಹುಡುಕಲು ಒಳಗೆ ಓಡಿದ್ದನ್ನು ನಾನು ಕಂಡದ್ದಿಲ್ಲ. ಅದೇ ಹೊತ್ತಿಗೆ ಒಳಗೆ ಒಲೆಯ ಮುಂದೆ ಇದ್ದವಳು ಐದೂವರೆ ಮೀಟರು ಸೀರೆ, ಎರಡು ಮೀಟರಿನ ಒಳಲಂಗ, ಮುಕ್ಕಾಲು ಮೀಟರಿನ ರವಿಕೆ ಇಷ್ಟನ್ನೂ ಹೊತ್ತು, ಸೊಂಟಕ್ಕೆ ಲಾಡಿ ಬಿಗಿದು, ಅನ್ನದ ಗಂಜಿ ಬಸಿಯುತ್ತಿದ್ದಳು. ನನ್ನ ಅಜ್ಜಿಯ ಕಾಲದ ಹದಿನೆಂಟು ಮೊಳದ ಸೀರೆಯಾದರೆ ಎಂಟು ಮೀಟರಿಗೂ ಹೆಚ್ಚು. ಲೆಕ್ಕ ಮಾಡಿದರೆ, ಮನೆಯಲ್ಲಿ ಅತಿ ಹೆಚ್ಚು ಶಾಖದ ಜಾಗದಲ್ಲಿ ಇರುವವರ ಮೇಲೆಯೇ ಅತಿ ಹೆಚ್ಚು ಬಟ್ಟೆ.

ಇಂಥ ಹೆಂಗಸರ ಪಾಲಿಗೆ ಬಂದದ್ದು ಮ್ಯಾಕ್ಸಿ.

ಬೆಂಗಳೂರಿನವರು ಇದನ್ನು ನೈಟಿ ಎನ್ನುತ್ತಾರೆ. ನಮ್ಮ ಕಡೆಯವರು, ಕೇರಳದವರು ಮ್ಯಾಕ್ಸಿ ಎನ್ನುವುದೇ ಹೆಚ್ಚು. ನೈಟಿ ಎಂದರೆ ರಾತ್ರಿಯ ಉಡುಪು ಎಂದಾಯಿತು. ಹಗಲು ಉಟ್ಟರೆ ಹೆಸರಿನಲ್ಲೇ ತಪ್ಪು ಬಂದುಬಿಡುತ್ತದೆ. ಮ್ಯಾಕ್ಸಿಗೆ ಆ ತೊಂದರೆ ಇಲ್ಲ. ಹೆಸರು ಹುಟ್ಟಿದ್ದು ದೂರದ ದೇಶದಲ್ಲಿ. 1960ರ ದಶಕದಲ್ಲಿ ಲಂಡನ್ನಿನ ಹುಡುಗಿಯರು ಮೊಣಕಾಲಿನ ಮೇಲೆ ನಿಲ್ಲುವ ಮಿನಿ ತೊಟ್ಟು ಲೋಕವನ್ನು ಬೆಚ್ಚಿಬೀಳಿಸಿದರು. ಆ ದಶಕ ಮುಗಿಯುವ ಹೊತ್ತಿಗೆ ಅದಕ್ಕೆ ಎದುರಾಗಿ ಕಾಲಿನ ಗಂಟು ಮುಟ್ಟುವ ಉದ್ದದ ಉಡುಪು ಬಂತು; ಅದು ಮ್ಯಾಕ್ಸಿ. ಅಲ್ಲಿ ಅದು ಪಾರ್ಟಿಗೆ ಹೋಗುವವರ ಬಟ್ಟೆ. ನಮ್ಮಲ್ಲಿಗೆ ಬರುವಾಗ ಅಡುಗೆಮನೆಯ ಬಾಗಿಲಿನಿಂದ ಬಂತು.

ತಂದವರು ಬೊಂಬಾಯಿಯವರು. ನಮ್ಮ ಊರುಗಳ ಎಷ್ಟೋ ಮನೆಗಳ ಗಂಡಸರು ಬೊಂಬಾಯಿಯ ಹೋಟೆಲುಗಳಲ್ಲಿ ಇದ್ದ ಕಾಲ ಅದು. ಮೇ ತಿಂಗಳ ರಜೆಗೆ ಅವರ ಹೆಂಡತಿ ಮಕ್ಕಳು ಊರಿಗೆ ಬರುವರು. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೆ ಮೊದಲು ಬಸ್ಸಿನಲ್ಲಿ ಒಂದಿಡೀ ದಿನ ಕುಲುಕಾಡಿ ಬಂದು ಇಳಿದವರು ಮೊದಲು ಬಾವಿಕಟ್ಟೆಗೆ ಹೋಗಿ ನೀರು ಹೊಯ್ದುಕೊಂಡು, ಆಮೇಲೆ ಹೂವಿನ ಚಿತ್ತಾರದ ಉದ್ದ ಅಂಗಿಯೊಂದನ್ನು ತಲೆಯಿಂದ ಇಳಿಬಿಟ್ಟು ಹೊರಬರುವರು. ಹೈಸ್ಕೂಲಿಗೆ ಹೋಗುತ್ತಿದ್ದ ನಾವು ಬೇಲಿಯಾಚೆ ನಿಂತು ನೋಡುತ್ತಿದ್ದೆವು. ಅವರು ಹೊರಡುವಾಗ ನಾದಿನಿಗೊಂದು, ಅತ್ತಿಗೆಗೊಂದು ಹಳೆಯದನ್ನು ಬಿಟ್ಟು ಹೋಗುವರು. ಉತ್ತರದ ಶಿರೂರು, ಗಂಗೊಳ್ಳಿಗಳ ಮನೆಗಳಿಗೆ ಗಲ್ಫಿನಿಂದ ಅದರ ಇನ್ನೊಂದು ಬಗೆ ಬಂದಿಳಿಯಿತು. ಹೀಗೆ ಹತ್ತು ಹದಿನೈದು ವರ್ಷಗಳಲ್ಲಿ ಪಡುಕರೆಯಿಂದ ಬನ್ನಾಡಿಯ ತನಕ ಎಲ್ಲ ಮನೆಗಳ ಬಟ್ಟೆ ಒಣಗಿಸುವ ಹಗ್ಗದ ಮೇಲೂ ಮ್ಯಾಕ್ಸಿ ಹಾರಾಡತೊಡಗಿತು. ಜಾತಿ, ಮತ, ಗುಡಿಸಲು, ಉಪ್ಪರಿಗೆ ಎಂಬ ಭೇದವಿಲ್ಲದೆ ನಮ್ಮ ಊರಿನ ಹೆಂಗಸರೆಲ್ಲ ಒಂದೇ ರೀತಿ ಉಟ್ಟದ್ದು ಬಹುಶಃ ಇದನ್ನೇ.

ಒಂದೇ ರೀತಿ ಎಂದೆನಾದರೂ ಅದರಲ್ಲಿ ಬಗೆಗಳಿವೆ. ಬಟ್ಟೆ ಅಂಗಡಿಗೆ ಹೋಗಿ "ಮ್ಯಾಕ್ಸಿ ತೋರ್ಸಿ" ಎಂದರೆ ಅಂಗಡಿಯ ಹುಡುಗಿ ಒಂದು ರಾಶಿಯನ್ನೇ ಸುರಿಯುತ್ತಾಳೆ. ಎದೆಯ ಮೇಲೆ ಒಂದು ಪಟ್ಟಿ ಕೊಟ್ಟು ಅಲ್ಲಿಂದ ನೆರಿಗೆ ಇಳಿಬಿಟ್ಟದ್ದು ಎಲ್ಲಕ್ಕಿಂತ ಹಳೆಯದು, ನಡುವಯಸ್ಸಿನವರ ಮೆಚ್ಚಿನದು. ನೆರಿಗೆಯಿಲ್ಲದೆ ಹೆಗಲಿನಿಂದ ಕೆಳಕ್ಕೆ ಅಗಲವಾಗುತ್ತ ಹೋಗುವುದು ಎ-ಲೈನ್; ಬಟ್ಟೆ ಕಡಿಮೆ, ಬೇಗ ಒಣಗುತ್ತದೆ, ಮಳೆಗಾಲಕ್ಕೂ ಸೈ. ಮುಂದೆ ಎರಡೂ ಬದಿ ಜಿಪ್ಪು ಇಟ್ಟದ್ದು ಬಾಣಂತಿಯರಿಗೆ. ಕಾಲರು, ಗುಂಡಿಗಳಿರುವ ಮುಂದೆ ತೆರೆಯುವ ಬಗೆ ಆಸ್ಪತ್ರೆಯಲ್ಲಿ ಮಲಗಬೇಕಾದವರಿಗೆ. ತೋಳು, ಮೈ ಎಲ್ಲ ಒಂದೇ ತುಂಡಿನಲ್ಲಿ ಬಾವಲಿಯ ರೆಕ್ಕೆಯಂತೆ ಹರಡುವ ಕಫ್ತಾನ್ ಗಲ್ಫಿನ ದಾರಿಯಿಂದ ಬಂದದ್ದು. ಗಾಳಿ ಇದರಷ್ಟು ಆಡುವುದು ಇನ್ನಾವುದರಲ್ಲೂ ಇಲ್ಲ, ಆದರೆ ಒಲೆಯ ಹತ್ತಿರ ಅದರ ತೋಳು ಅಪಾಯ. ಬಟ್ಟೆಯಲ್ಲಿ ಅಚ್ಚ ಹತ್ತಿ, ಬಣ್ಣ ಬಿಡುವ ಹತ್ತಿ, ಹತ್ತಿಯೆಂದು ಹೇಳಿ ಕೊಡುವ ಪಾಲಿಯೆಸ್ಟರು ಎಂದು ಮೂರು ಜಾತಿ. ನಮ್ಮ ಸೆಕೆಗೆ ಮೊದಲನೆಯದು ಮಾತ್ರ ಆದೀತು. ಜೈಪುರ, ಜೇತ್‌ಪುರಗಳ ಅಚ್ಚಿನ ಹೂವುಗಳು ನಾಲ್ಕು ಒಗೆತಕ್ಕೆ ಮಾಸಿದರೂ ಬಟ್ಟೆ ಮಾತ್ರ ಒಗೆದಷ್ಟೂ ಮೆತ್ತಗಾಗುತ್ತದೆ. ಕೊನೆಗೆ ಮೊಮ್ಮಕ್ಕಳ ತೊಟ್ಟಿಲಿಗೆ, ಆಮೇಲೆ ನೆಲ ಒರೆಸಲಿಕ್ಕೆ. ದರ್ಜಿಯ ಹತ್ತಿರ ಹೊಲಿಸುವವರಿಗೆ ಮೂರು ಮೀಟರು ಬಟ್ಟೆ ಸಾಕು. ಹೊಲಿಸುವುದರ ಲಾಭವೆಂದರೆ ಜೇಬು ಹೇಳಿ ಇಡಿಸಿಕೊಳ್ಳಬಹುದು. ಸೀರೆಗೆ ಜೇಬಿಲ್ಲ, ರವಿಕೆಗೆ ಜೇಬಿಲ್ಲ. ನಮ್ಮ ತಾಯಂದಿರು ಚಿಲ್ಲರೆಯನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಕಾಲ ಕಳೆದರು. ನಮ್ಮೂರಿನ ಎಷ್ಟೋ ಹೆಂಗಸರು ಜೇಬಿಗೆ ಕೈ ಹಾಕಿ ತಮ್ಮ ಹಣ ತಾವು ತೆಗೆದದ್ದು ಮ್ಯಾಕ್ಸಿ ಬಂದ ಮೇಲೆ.

ಸಡಿಲ ಬಟ್ಟೆ ತಂಪು ಎನ್ನುವುದಕ್ಕೆ ಶಾಸ್ತ್ರಾಧಾರ ಬೇಕೆನ್ನುವವರಿಗೆ ಒಂದು ಸಂಗತಿ ಹೇಳುತ್ತೇನೆ. ಮರುಭೂಮಿಯ ಬೆದುಯಿನ್ ಜನರು ಸುಡುವ ಬಿಸಿಲಿನಲ್ಲಿ ಕಪ್ಪು ನಿಲುವಂಗಿ ತೊಡುವುದು ಏಕೆ ಎಂದು ವಿಜ್ಞಾನಿಗಳು ಪರೀಕ್ಷೆ ಮಾಡಿ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಕಪ್ಪು ಬಟ್ಟೆ ಬಿಳಿಯದಕ್ಕಿಂತ ಹೆಚ್ಚು ಶಾಖ ಹೀರುವುದು ನಿಜವೇ. ಆದರೆ ಅಂಗಿ ಸಡಿಲವಾಗಿದ್ದುದರಿಂದ ಒಳಗೆ ಗಾಳಿಯಾಡಿ, ಆ ಹೆಚ್ಚಿನ ಶಾಖ ಚರ್ಮವನ್ನು ಮುಟ್ಟುವ ಮೊದಲೇ ಹೊರಟುಹೋಗುತ್ತಿತ್ತು. ಕಪ್ಪಾದರೂ ಬಿಳಿಯಾದರೂ ಮೈಗೆ ತಾಗುವ ಬಿಸಿ ಒಂದೇ. ಅಂದರೆ ಬಣ್ಣಕ್ಕಿಂತ ಮುಖ್ಯ ಬಟ್ಟೆಗೂ ಮೈಗೂ ನಡುವೆ ಇರುವ ಜಾಗ. ಕೋಟದ ಯಾವ ಹೆಂಗಸಿಗೂ ಇದನ್ನು ತಿಳಿಯಲು ಮರುಭೂಮಿಗೆ ಹೋಗಬೇಕಾಗಿರಲಿಲ್ಲ ಎನ್ನಿ.

ನಮ್ಮ ಮನೆಯಲ್ಲಿ ಇದನ್ನು ಕಟ್ಟಕಡೆಗೆ ಒಪ್ಪಿಕೊಂಡವರು ನನ್ನ ಅತ್ತೆ. ಎಂಬತ್ತು ದಾಟಿದ ಮೇಲೂ ಬೆಳಿಗ್ಗೆ ಮಿಂದು, ಮಡಿಸೀರೆ ಉಟ್ಟೇ ತುಳಸಿಕಟ್ಟೆಗೆ ಬರುತ್ತಿದ್ದ ಹೆಂಗಸು. ನಾನು ಶಾಲೆಯಿಂದ ಬಂದು ಮ್ಯಾಕ್ಸಿ ತೊಟ್ಟರೆ ಏನೂ ಅನ್ನುತ್ತಿರಲಿಲ್ಲ. ಆದರೆ ಯಾರಾದರೂ ಬರುವ ಸದ್ದಾದರೆ, "ಹೆಣೆ, ಯಾರೋ ಬಂದ್ರ್ ಕಾಣ್" ಎನ್ನುವರು. ಒಳಗೆ ಹೋಗು ಎಂದು ಅದರ ಅರ್ಥ. ಒಂದು ಬೇಸಗೆಯಲ್ಲಿ ಅವರು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಮನೆಗೆ ತಂದಾಗ ನೋಡಿಕೊಳ್ಳಲು ಬಂದ ನರ್ಸು, "ಅಜ್ಜಿಗೆ ಸೀರೆ ಆಗ್ಲಿಕ್ಕಿಲ್ಲ, ಮುಂದೆ ಗುಂಡಿ ಇರುವ ಮ್ಯಾಕ್ಸಿ ತನ್ನಿ" ಎಂದಳು. ನಾನು ಎರಡು ತಂದೆ, ತಿಳಿನೀಲಿ ಒಂದು, ಬಿಳಿಯ ಮೇಲೆ ಸಣ್ಣ ಹೂವಿನದು ಒಂದು. ಅತ್ತೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದ್ ಪಾದ್ರಿಗಳ ಅಂಗಿ ಕಂಡಂಗ್ ಇತ್ತಲೇ" ಎಂದು ಬದಿಗಿಟ್ಟರು.

ಅತ್ತೆಯ ಊಹೆ ಪೂರಾ ಸುಳ್ಳಲ್ಲ ಎಂದು ನಾನು ಆಮೇಲೆ ಓದಿ ತಿಳಿದೆ. 1820ರಲ್ಲಿ ಹವಾಯಿ ದ್ವೀಪಗಳಿಗೆ ಹೋದ ಅಮೆರಿಕದ ಪಾದ್ರಿಗಳ ಹೆಂಡತಿಯರು ಅಲ್ಲಿನ ರಾಜಮನೆತನದ ಹೆಂಗಸರಿಗೆ ಉದ್ದನೆಯ ಸಡಿಲ ಗೌನು ಹೊಲಿದುಕೊಟ್ಟರು. ಮೈ ಮುಚ್ಚಿಸುವುದು ಅವರ ಉದ್ದೇಶ. ಅಲ್ಲಿನ ಹೆಂಗಸರು ಅದನ್ನು ತಮ್ಮದೇ ರೀತಿಯಲ್ಲಿ ಮಾರ್ಪಡಿಸಿಕೊಂಡು, ಹೊಲೊಕು, ಮೂಮೂ ಎಂಬ ಹೆಸರುಗಳಿಂದ ತಮ್ಮ ಉಡುಪನ್ನೇ ಮಾಡಿಕೊಂಡುಬಿಟ್ಟರು. ಹೊಲೊಕು ಇಂದು ಅಲ್ಲಿ ಮದುವೆಗೂ ತೊಡುವಂಥ ಗೌರವದ ಉಡುಪು.

ಅತ್ತೆ ನಾಲ್ಕು ದಿನ ಹಟ ಹಿಡಿದರು. ಸೀರೆ ಸುತ್ತಿ, ಬಿಚ್ಚಿ, ಹೊರಳಿಸುವಾಗ ಆಗುವ ನೋವಿಗೆ ಹಲ್ಲು ಕಚ್ಚುವರು. ಬೆನ್ನ ಕೆಳಗಿನ ನೆರಿಗೆ ಒತ್ತಿ ಚರ್ಮ ಕೆಂಪಾಗತೊಡಗಿತು. ಐದನೆಯ ದಿನ ಬೆಳಿಗ್ಗೆ ಅವರೇ, "ಆ ನೀಲಿದ್ ತಾ" ಎಂದರು. ಎರಡು ಷರತ್ತು ಹಾಕಿದರು. ಹೆಗಲ ಮೇಲೆ ಸೆರಗಿನ ಹಾಗೆ ಒಂದು ಬೈರಾಸು ಇರಬೇಕು. ಪುರೋಹಿತರು ಬಂದಾಗ ಮೇಲಿನಿಂದ ಸೀರೆ ಹೊದೆಸಬೇಕು. ಒಪ್ಪಿಕೊಂಡೆ. ಆ ಸಂಜೆ ಕಿಟಕಿಯಿಂದ ಪಡುವಣದ ಗಾಳಿ ಬೀಸುತ್ತಿತ್ತು. ಅತ್ತೆ ಬಹಳ ಹೊತ್ತು ಸುಮ್ಮನೆ ಮಲಗಿದ್ದವರು, "ಇಷ್ಟ್ ವರ್ಷ ಇದನ್ನ್ ಯಾರೂ ಹೇಳ್ಲಿಲ್ಯಲೇ" ಎಂದರು. ಹೇಳಿದ್ದರೆ ಕೇಳುತ್ತಿದ್ದರೇ ಎಂಬುದು ಬೇರೆ ಮಾತು. ಆದರೆ ಅರುವತ್ತು ವರ್ಷ ಹೊಗೆಯ ಒಲೆಯ ಮುಂದೆ ಬೇಯುತ್ತ ಕಳೆದ ಜೀವವೊಂದು ಹಾಗೆ ಹೇಳಿದಾಗ ನನಗೆ ನಗು ಬರಲಿಲ್ಲ.

ಇನ್ನೊಂದು ಬೇಸಗೆಯನ್ನು ಅವರು ಆ ಎರಡು ಮ್ಯಾಕ್ಸಿಗಳಲ್ಲೇ ಕಳೆದರು. ತೀರಿಕೊಂಡಾಗ ಹಿರಿಯರ ಮಾತಿನಂತೆ ಅವರದೇ ಹಸಿರು ಸೀರೆ ಹೊದೆಸಿದೆವು. ಅವರಿಗೂ ಅದೇ ಇಷ್ಟವಿತ್ತು. ಆ ಗಡಿಬಿಡಿಯಲ್ಲಿ ಹಿಂದಿನ ದಿನ ಒಗೆದು ಹಾಕಿದ್ದ ನೀಲಿಯದು ಹಗ್ಗದಲ್ಲೇ ಉಳಿದಿತ್ತು. ಹನ್ನೊಂದನೆಯ ದಿನ ಕಳೆದ ಮೇಲೆ ಅದನ್ನು ಮಡಚಿ ನನ್ನ ಕಪಾಟಿನಲ್ಲಿ ಇಟ್ಟೆ.

ಇಷ್ಟು ಸಾಧುವಾದ ಬಟ್ಟೆಯ ಮೇಲೆ ಜನರಿಗೆ ಏಕೆ ಸಿಟ್ಟು ಎಂದು ನಾನು ಯೋಚಿಸಿದ್ದುಂಟು. ಅದು ಕುತ್ತಿಗೆಯಿಂದ ಕಾಲಿನ ತನಕ ಮುಚ್ಚುತ್ತದೆ. ಸೀರೆಯಲ್ಲಿ ಕಾಣುವ ಬೆನ್ನು, ಸೊಂಟ ಇದರಲ್ಲಿ ಕಾಣುವುದಿಲ್ಲ. ಆದರೂ ಸೀರೆ ಸಭ್ಯ, ಮ್ಯಾಕ್ಸಿ ಅಸಭ್ಯ. ನಮ್ಮೂರಿನಲ್ಲಿ ಇದಕ್ಕೆ ಬರೆಯದ ಒಂದು ಕಾನೂನೇ ಇದೆ. ಅಂಗಳದ ತನಕ ಬರೀ ಮ್ಯಾಕ್ಸಿ ನಡೆಯುತ್ತದೆ. ಬೇಲಿಯ ತನಕ ಹೋಗುವುದಾದರೆ ಹೆಗಲ ಮೇಲೆ ಬೈರಾಸು ಬೇಕು. ಮೂಲೆಯ ಅಂಗಡಿಗೆ, ಹಾಲಿನ ಡೇರಿಗೆ ಬೈರಾಸನ್ನು ಎದೆಯ ಮೇಲೆ ಅಡ್ಡಲಾಗಿ ಹೊದ್ದುಕೊಳ್ಳಬೇಕು. ಗದ್ದೆಯಲ್ಲಿ ನೆಲಗಡಲೆ ಕೀಳುವಾಗ ಅದರ ಮೇಲೆ ಗಂಡನ ಹಳೆಯ ಉದ್ದ ತೋಳಿನ ಅಂಗಿ. ಆದರೆ ಹೆದ್ದಾರಿ ದಾಟುವುದಾದರೆ ಮಾತ್ರ ಸೀರೆಯೋ ಚೂಡಿದಾರವೋ ಆಗಲೇಬೇಕು. ಹಿಂದಿನ 17ನೇ ನಂಬ್ರದ, ಈಗಿನ 66ನೇ ನಂಬ್ರದ ರಾಷ್ಟ್ರೀಯ ಹೆದ್ದಾರಿ ನಮ್ಮ ಊರನ್ನು ಎರಡು ಪಾಲು ಮಾಡಿದಂತೆ ಹೆಂಗಸರ ಉಡುಪನ್ನೂ ಎರಡು ಪಾಲು ಮಾಡಿದೆ. ಮೈ ಮುಚ್ಚುವುದಕ್ಕೆ ಬೈರಾಸಿನ ಅಗತ್ಯ ಒಂದಿಷ್ಟೂ ಇಲ್ಲ. "ನಾನು ಮರ್ಯಾದೆ ಬಲ್ಲವಳು" ಎಂದು ತೋರಿಸುವ ರಹದಾರಿ ಅದು. ಗಂಡಸರ ಹೆಗಲ ಮೇಲೂ ಅದೇ ಬೈರಾಸು ಇದೆಯಲ್ಲ; ಅವರಿಗೆ ಬೆವರು ಒರೆಸಿಕೊಳ್ಳಲಿಕ್ಕೆ.

ಬರೆಯದ ಈ ಕಾನೂನನ್ನು ಬರೆದೇಬಿಟ್ಟವರೂ ಇದ್ದಾರೆ. 2014ರಲ್ಲಿ ನವಿ ಮುಂಬಯಿಯ ಗೋಠಿವಲಿ ಎಂಬಲ್ಲಿ ಮಹಿಳಾ ಮಂಡಲವೊಂದೇ ಹಗಲು ನೈಟಿ ಉಟ್ಟು ಹೊರಬಂದರೆ 500 ರೂಪಾಯಿ ದಂಡ ಎಂದು ಸಾರಿತು. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯ ಹಿರಿಯರು ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ನೈಟಿ ನಿಷೇಧಿಸಿ, ಮೀರಿದವರಿಗೆ 2000 ರೂಪಾಯಿ ದಂಡ, ಸುಳಿವು ಕೊಟ್ಟವರಿಗೆ 1000 ರೂಪಾಯಿ ಬಹುಮಾನ ಎಂದು ಗೊತ್ತುಮಾಡಿದರು. ಸುದ್ದಿ ಓದಿದಾಗ ನನಗೆ ಹೊಳೆದ ಮೊದಲ ಲೆಕ್ಕವೆಂದರೆ, ಆ ಬಹುಮಾನದ ಹಣದಲ್ಲಿ ಮೂರು ಒಳ್ಳೆಯ ಹತ್ತಿಯ ಮ್ಯಾಕ್ಸಿ ಬರುತ್ತದಲ್ಲ ಎಂಬುದು.

ಸಂಪ್ರದಾಯದ ಮಾತು ಹೇಳುವವರಿಗೆ ಚರಿತ್ರೆಯ ಪಾಠ ಮಾಡಿದವಳಾಗಿ ಒಂದೆರಡು ಮಾತು ಹೇಳಬಹುದು. ಒಳಲಂಗ, ರವಿಕೆ ತೊಟ್ಟು, ಅದರ ಮೇಲೆ ನೆರಿಗೆ ಹಿಡಿದು ಸೀರೆ ಉಡುವ ಈಗಿನ ರೀತಿ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಟಾಗೋರರ ಮನೆಯ ಸೊಸೆ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಬೊಂಬಾಯಿಯಲ್ಲಿ ಪಾರಸಿಯವರನ್ನು ನೋಡಿ ಕಲಿತು ಬಂಗಾಳಕ್ಕೆ ಒಯ್ದದ್ದು ಅದನ್ನೇ. ಆಗ ಅದೂ ಪರಕೀಯವೆಂದು ಬೈಸಿಕೊಂಡಿತು. ನಮ್ಮ ಕರಾವಳಿಯಲ್ಲೇ ದಕ್ಷಿಣಕ್ಕೆ ಹೋದರೆ, ತಿರುವಾಂಕೂರಿನ ನಾಡಾರ್ ಹೆಂಗಸರು ಮೈಮೇಲೆ ಕುಪ್ಪಸ ತೊಡುವುದಕ್ಕಾಗಿಯೇ ಹಲವು ವರ್ಷ ಹೋರಾಡಿ, ಏಟು ತಿಂದು, 1859ರಲ್ಲಿ ರಾಜನ ಅಪ್ಪಣೆ ಪಡೆಯಬೇಕಾಯಿತು. ಅಲ್ಲಿ ಮುಚ್ಚಿಕೊಂಡದ್ದು ತಪ್ಪು, ಇಲ್ಲಿ ಮುಚ್ಚಿಕೊಂಡ ರೀತಿ ತಪ್ಪು. ಬಟ್ಟೆಯ ಅಳತೆ ಎಷ್ಟಾದರೂ ಇರಲಿ, ಉಡುವವಳು ತಾನೇ ತೀರ್ಮಾನಿಸಿದಳೆಂಬುದೇ ಕಣ್ಣಿಗೆ ಚುಚ್ಚುವುದೇನೋ ಎಂದು ನನಗೆ ಅನ್ನಿಸುತ್ತದೆ.

ಇದು ಬರಿಯ ವಾದದ ಮಾತಾಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ನಾನು ಹಿಂದೆ ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಗೇಟಿನ ಪಕ್ಕ 'ಪೋಷಕರು ಸಭ್ಯ ಉಡುಪಿನಲ್ಲಿ ಬರತಕ್ಕದ್ದು' ಎಂಬ ಫಲಕವಿತ್ತು. ಒಂದು ಮಾರ್ಚಿಯ ಮಧ್ಯಾಹ್ನ ಆರನೆಯ ತರಗತಿಯ ಹುಡುಗಿಯೊಬ್ಬಳು ವಾಂತಿ ಮಾಡಿಕೊಂಡು ಮಲಗಿಬಿಟ್ಟಳು, ಮೈ ಕೆಂಡದಂತೆ ಸುಡುತ್ತಿತ್ತು. ಮನೆಗೆ ಫೋನು ಮಾಡಿಸಿದೆವು. ಮುಕ್ಕಾಲು ಗಂಟೆ ಕಳೆದರೂ ಯಾರೂ ಬರಲಿಲ್ಲ. ನಾನು ಹೊರಗೆ ಬಂದು ನೋಡಿದರೆ ಗೇಟಿನಾಚೆ ಬಿಸಿಲಿನಲ್ಲಿ ಹೆಂಗಸೊಬ್ಬಳು ನಿಂತಿದ್ದಾಳೆ. ಮ್ಯಾಕ್ಸಿಯ ಮೇಲೆ ಗಂಡಸರ ಅಂಗಿ, ತಲೆಗೆ ಬೈರಾಸು, ಕೈ ತುಂಬ ನೆಲಗಡಲೆ ಗದ್ದೆಯ ಮಣ್ಣು. ಬಂದು ಇಪ್ಪತ್ತು ನಿಮಿಷವಾಗಿತ್ತಂತೆ. ಕಾವಲಿನವನು ಫಲಕ ತೋರಿಸಿ, ಬಟ್ಟೆ ಬದಲಿಸಿ ಬನ್ನಿ ಎಂದಿದ್ದ. ಅವನದೇನೂ ತಪ್ಪಿಲ್ಲ, ಅವನಿಗೆ ಹಾಗೆಂದು ಅಪ್ಪಣೆ ಆಗಿತ್ತು. ಆಕೆ ಜಗಳಾಡಿರಲಿಲ್ಲ. ನನ್ನನ್ನು ಕಂಡೊಡನೆ, "ಸೀರಿ ಉಟ್ಕಂಡ್ ಬಪ್ಕೆ ಹೋದ್ರೆ ಮತ್ತೊಂದ್ ಗಂಟಿ ಆತಿತ್ತ್ ಟೀಚರೇ. ಮಗಿಗೆ ಜ್ವರ ಅಂದ್ರಿ, ಹಾಂಗೇ ಓಡಿ ಬಂದೆ" ಎಂದಳು. ನಾನು ಗೇಟು ತೆಗೆಸಿ ಒಳಗೆ ಕರೆದುಕೊಂಡು ಹೋದೆ. ಮಗು ತಾಯಿಯ ಕುತ್ತಿಗೆಗೆ ಜೋತುಬಿದ್ದಿತು.

ಆ ವಾರದ ಸಭೆಯಲ್ಲಿ ನಾನು ಒಂದೇ ಪ್ರಶ್ನೆ ಕೇಳಿದೆ: ಕುತ್ತಿಗೆಯಿಂದ ಪಾದದವರೆಗೆ ಮುಚ್ಚಿದ ಬಟ್ಟೆ ಸಭ್ಯವಲ್ಲ ಎನ್ನುವುದಾದರೆ ಸಭ್ಯ ಯಾವುದೆಂದು ಫಲಕದಲ್ಲೇ ಬರೆಯೋಣ. ಯಾರೂ ಬರೆಯಲು ಮುಂದಾಗಲಿಲ್ಲ. "ಇವತ್ತು ಮ್ಯಾಕ್ಸಿ, ನಾಳೆ ಇನ್ನೆಂತದೋ" ಎಂದು ಒಬ್ಬರು ಗೊಣಗಿದರು. ಕೊನೆಗೆ ಫಲಕ ಇದ್ದಲ್ಲೇ ಉಳಿಯಿತು. ಆದರೆ ಗೇಟಿನೊಳಗೆ ಮಾವಿನಮರದ ನೆರಳಿನಲ್ಲಿ ಒಂದು ಬೆಂಚು ಬಂತು, ಯಾವ ಬಟ್ಟೆಯಲ್ಲಿ ಬಂದವರನ್ನಾದರೂ ಅಲ್ಲಿಯ ತನಕ ಬಿಡಬೇಕೆಂದು ತೀರ್ಮಾನವಾಯಿತು. ದೊಡ್ಡ ಗೆಲುವೇನೂ ಅಲ್ಲ. ಆಕೆ ಆ ವರ್ಷದ ಪೋಷಕರ ಸಭೆಗೆ ಬರಲೇ ಇಲ್ಲ. ಗಂಡ ಬೆಂಗಳೂರಿನ ಹೋಟೆಲಿನಲ್ಲಿ. ಮನೆಯಲ್ಲಿ ಬೇರೆ ಯಾರಿಲ್ಲ. ಹುಡುಗಿಯ ಅಂಕಪಟ್ಟಿ ಸಹಿಯಿಲ್ಲದೆ ಉಳಿದಿತ್ತು. ನಾನೇ ಒಂದು ಸಂಜೆ ಅವರ ಮನೆಗೆ ಹೋದೆ. ನನ್ನನ್ನು ಕಂಡು ಆಕೆ ಒಳಗೆ ಓಡಿ ಬೈರಾಸು ಹೊದ್ದು ಬಂದಳು. ಇರುವ ಎರಡು ಒಳ್ಳೆಯ ಸೀರೆಯನ್ನು ಮದುವೆಗೆ, ಅಮೃತೇಶ್ವರಿಯ ಜಾತ್ರೆಗೆ ಎಂದು ಜೋಪಾನ ಮಾಡಿಟ್ಟಿದ್ದಳು. ಮಗಳು ಲೆಕ್ಕದಲ್ಲಿ ಚುರುಕು, ಹೈಸ್ಕೂಲು ಬಿಡಿಸಬೇಡಿ ಎಂದು ನಾನು ಹೇಳಬೇಕಾದದ್ದನ್ನು ಹೇಳಲು ಆ ಜಗಲಿಗೇ ಹೋಗಬೇಕಾಯಿತು. ಗೇಟಿನಲ್ಲಿ ತಡೆದ ಇಪ್ಪತ್ತು ನಿಮಿಷಕ್ಕೆ ಬೆಲೆ ತೆರುವವರು ಯಾರು ಎಂಬುದು ಫಲಕ ಬರೆಯುವವರಿಗೆ ಕಾಣುವುದಿಲ್ಲ.

ಈಚಿನ ವರ್ಷಗಳಲ್ಲಿ ಕಾಲಚಕ್ರ ಒಂದು ಸುತ್ತು ತಿರುಗಿದಂತಿದೆ. ಕಳೆದ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಬಂದ ನನ್ನ ಅಣ್ಣನ ಮಗಳು ಸಮುದ್ರಕ್ಕೆ ಹೋಗುವಾಗ ತೋಳಿಲ್ಲದ, ಹೂವಿನ ಚಿತ್ತಾರದ, ಕಾಲಿನ ಗಂಟಿನ ತನಕ ಇಳಿಯುವ ಉಡುಪೊಂದನ್ನು ತೊಟ್ಟು ಹೊರಟಳು. ಮೊಬೈಲಿನಲ್ಲೇ ತರಿಸಿದ್ದಂತೆ, ಬೆಲೆ 2400 ರೂಪಾಯಿ. ಪಕ್ಕದ ಮನೆಯ ಅಕ್ಕ ಬೇಲಿಯ ಮೇಲಿಂದ ಬಗ್ಗಿ ನೋಡಿ, "ಇದ್ ಎಂತ ಮಗಾ?" ಎಂದರು. "ಮ್ಯಾಕ್ಸಿ ಡ್ರೆಸ್, ದೊಡ್ಡಮ್ಮ. ಸಮ್ಮರ್‌ಗೆ." ಅಕ್ಕ ತಮ್ಮ ಮ್ಯಾಕ್ಸಿಯನ್ನೊಮ್ಮೆ, ಅವಳದನ್ನೊಮ್ಮೆ ನೋಡಿ, "ನಮ್ದ್ ಇನ್ನೂರೈವತ್ತಕ್ಕೆ ಸಿಕ್ಕತ್, ತೋಳೂ ಇತ್ತ್" ಎಂದರು. ಹುಡುಗಿ ನಗುತ್ತ ಹೆದ್ದಾರಿ ದಾಟಿ ಪಡುಕರೆಯ ಕಡೆ ಹೋದಳು. ಅವಳನ್ನು ಯಾರೂ ತಡೆಯಲಿಲ್ಲ, ತಡೆಯಬಾರದು ಕೂಡ. ಆದರೆ ಅದೇ ಉದ್ದ, ಅದೇ ಹೂವು, ಅದೇ ಹತ್ತಿ. ತಿರುಗಾಡಲು ಉಟ್ಟವಳದು ಫ್ಯಾಶನ್ನು, ದುಡಿಯಲು ಉಟ್ಟವಳದು ಮರ್ಯಾದೆಗೇಡು ಎಂದಾಗುವುದು ಹೇಗೆ ಎಂದು ನಾನು ಅಕ್ಕನನ್ನು ಕೇಳಿದೆ. ಅಕ್ಕ ಬಟ್ಟೆ ಒಣಗಿಸುತ್ತಿದ್ದವರು, "ಅವ್ಳ್ ಇಲ್ಲಿಯವ್ಳಲ್ಲ ಅಲ್ದಾ" ಎಂದಷ್ಟೇ ಹೇಳಿದರು.

ನನಗೆ ಸೀರೆಯ ಮೇಲೆ ಮುನಿಸಿಲ್ಲ. ಮೂವತ್ತು ವರ್ಷ ಅದನ್ನುಟ್ಟೇ ಪಾಠ ಮಾಡಿದ್ದೇನೆ. ಮಗ್ಗದ ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಎರಡು ಕೊಂಡು ಸಂಭ್ರಮಪಟ್ಟಿದ್ದೇನೆ. ಅದು ತೆಳುವಾದ ಹತ್ತಿ, ನಮ್ಮ ಹವೆಗೆ ಹೇಳಿ ಮಾಡಿಸಿದ್ದು. ಹೊರಗೆ ಹೋಗುವಾಗ ಈಗಲೂ ಅದೇ ಇಷ್ಟ. ಇಷ್ಟಪಟ್ಟು ಉಡುವುದಕ್ಕೂ ಹೆದರಿ ಉಡುವುದಕ್ಕೂ ಇರುವ ಅಂತರವನ್ನಷ್ಟೇ ನಾನು ಹೇಳುತ್ತಿರುವುದು.

ಮ್ಯಾಕ್ಸಿ ಕೊಳ್ಳುವ ಕಿರಿಯರಿಗೆ ನನ್ನ ಅನುಭವದ ಎರಡು ಮಾತು. ಹತ್ತಿಯದೇ ಕೊಳ್ಳಿ, ಪಾಲಿಯೆಸ್ಟರು ಬೆವರನ್ನು ಕುಡಿಯುವುದಿಲ್ಲ, ಗ್ಯಾಸಿನ ಒಲೆಯ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಉದ್ದ ಪಾದಕ್ಕಿಂತ ನಾಲ್ಕು ಬೆರಳು ಮೇಲೆ ಇರಲಿ. ಮೆಟ್ಟಿಲು ಹತ್ತುವಾಗ ಎಡವಿ ಬಿದ್ದವರನ್ನು ಕಂಡಿದ್ದೇನೆ. ಜೇಬು ಬಲಬದಿಗೆ ಇಡಿಸಿ, ಆಳವಾಗಿರಲಿ.

ಬೈರಾಸಿನ ವಿಷಯ ಅವರವರಿಗೆ ಬಿಟ್ಟದ್ದು. ನಾನಂತೂ ಹೋದ ಬೇಸಗೆಯಿಂದ ಅದನ್ನು ಬೆವರು ಒರೆಸಲು ಮಾತ್ರ ಉಪಯೋಗಿಸುತ್ತಿದ್ದೇನೆ. ಮೊದಲ ದಿನ ಮನಸ್ಸಿನಲ್ಲಿ ಸ್ವಲ್ಪ ಅಳುಕಿತ್ತು. ಗೇಟಿನಲ್ಲಿ ಕೊರಿಯರಿನ ಹುಡುಗ ಕರೆದ. ಬೈರಾಸು ಹುಡುಕಿ ಕೈ ಚಾಚಿದವಳು ಹಾಗೇ ಬಿಟ್ಟು, ಬರೀ ಮ್ಯಾಕ್ಸಿಯಲ್ಲೇ ಅಂಗಳ ದಾಟಿ ಗೇಟಿನ ತನಕ ನಡೆದೆ. ಹುಡುಗ ಮೊಬೈಲಿನಿಂದ ತಲೆ ಎತ್ತಲೂ ಇಲ್ಲ. "ಒಟಿಪಿ ಹೇಳಿ, ಆಂಟಿ" ಎಂದ.